41 ದಿನದ ಮಗುವಿಗೆ ರಾತ್ರಿ ಜ್ವರ ಬಂದು ಬೆಳಗ್ಗೆ ಇಳಿದಿದೆ: ಆಸ್ಪತ್ರೆಗೆ ಕರೆದೊಯ್ಯಬೇಕೇ?

ಮಳೆಗಾಲದ ಬಾಣಂತಿ (ಹೊಸನಗರ ತಾಲ್ಲೂಕು):

ಎಲ್ಲರಿಗೂ ನಮಸ್ಕಾರ. ನಾನು ಬಾಣಂತನಕ್ಕೆಂದು ತವರುಮನೆಯಲ್ಲಿದ್ದೇನೆ. ಇದು ನನ್ನ ಮೊದಲ ಮಗು, ಗಂಡು. ಇಂದಿಗೆ 41 ದಿನ. ದಿನ ತುಂಬಿಯೇ ಹುಟ್ಟಿದ್ದಾನೆ. ಹುಟ್ಟಿದಾಗ 2.9 ಕಿಲೋ ಇದ್ದವನು ಕಳೆದ ವಾರ ಅಂಗನವಾಡಿಯಲ್ಲಿ ತೂಗಿಸಿದಾಗ 4 ಕಿಲೋ ಇದ್ದ. ಎದೆಹಾಲು ಬಿಟ್ಟು ಬೇರೇನನ್ನೂ ಕೊಟ್ಟಿಲ್ಲ.

ನಿನ್ನೆ ರಾತ್ರಿ ಹನ್ನೊಂದರ ಹೊತ್ತಿಗೆ ಹಾಲು ಕುಡಿಸಲು ಎತ್ತಿಕೊಂಡಾಗ ಅವನ ಬಾಯಿ ಮೊಲೆಗೆ ಬಿಸಿಯಾಗಿ ತಾಗಿತು. ಮಳೆ ಜೋರಾಗಿದ್ದುದರಿಂದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟಿದ್ದೆವು. ಮಗುವಿಗೆ ಉಣ್ಣೆಯ ಟೋಪಿ ಹಾಕಿ, ಮೇಲೆ ಎರಡು ಹೊದಿಕೆ ಹೊದಿಸಿದ್ದೆವು. ಕಂಕುಳಲ್ಲಿ ಡಿಜಿಟಲ್ ಥರ್ಮಾಮೀಟರ್ ಇಟ್ಟು ನೋಡಿದರೆ 100.8 ತೋರಿಸಿತು. ಅಜ್ಜಿ, “ಇದು ಜ್ವರವಲ್ಲ, ಕೋಣೆಯ ಕಾವು” ಎಂದು ಹೇಳಿ ದೃಷ್ಟಿ ತೆಗೆದರು. ಟೋಪಿ ಬಿಚ್ಚಿ, ಒಂದು ಹೊದಿಕೆ ತೆಗೆದು, ಅಗ್ಗಿಷ್ಟಿಕೆಯನ್ನು ಹೊರಗಿಟ್ಟು ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿದಾಗ 100.6 ಇತ್ತು. ಯಾವ ಔಷಧಿಯನ್ನೂ ಕೊಡಲಿಲ್ಲ. ಬೆಳಗ್ಗೆ ಆರು ಗಂಟೆಗೆ ನೋಡಿದರೆ 99 ಇದೆ.

ನೆಗಡಿಯಿಲ್ಲ, ಕೆಮ್ಮಿಲ್ಲ, ಭೇದಿಯೂ ಇಲ್ಲ. ಆದರೆ ಇಪ್ಪತ್ತು ನಿಮಿಷ ಬಿಡದೆ ಕುಡಿಯುತ್ತಿದ್ದವನು ಈಗ ಐದು ನಿಮಿಷಕ್ಕೇ ನಿದ್ದೆ ಹೋಗುತ್ತಿದ್ದಾನೆ. ನಾಳೆ 42ನೇ ದಿನವಾದ್ದರಿಂದ ಆಶಾ ಕಾರ್ಯಕರ್ತೆ ಹೇಗೂ ಮನೆಗೆ ಬರುತ್ತಾರೆ, ಗುರುವಾರ ಆರು ವಾರದ ಚುಚ್ಚುಮದ್ದೂ ಇದೆ, ಆಗಲೇ ಕೇಳಿದರಾಯಿತು ಎಂಬುದು ಅಮ್ಮನ ಅಭಿಪ್ರಾಯ. ಬೆಂಗಳೂರಿನಲ್ಲಿರುವ ನನ್ನ ಯಜಮಾನರು ಈಗಲೇ ಹೊರಡು ಎನ್ನುತ್ತಿದ್ದಾರೆ. ತಾಲ್ಲೂಕು ಆಸ್ಪತ್ರೆ ನಮ್ಮಲ್ಲಿಂದ 22 ಕಿಲೋಮೀಟರ್ ದೂರದಲ್ಲಿದೆ. ಇಳಿದ ಜ್ವರಕ್ಕಾಗಿ ಈ ಮಳೆಯಲ್ಲಿ ಮಗುವನ್ನು ಹೊರಗೆ ಕರೆದೊಯ್ಯುವುದು ಸರಿಯೇ? ಅಕ್ಕನ ಮಗಳಿಗೆ ತಂದಿದ್ದ ಪ್ಯಾರಾಸಿಟಮಾಲ್ ಬಾಟಲಿ ಮನೆಯಲ್ಲಿದೆ. ಅದನ್ನು ಎರಡು ಹನಿ ಕೊಟ್ಟು ಕಾಯಬಹುದೇ?

ನಾಲ್ಕು ಮಕ್ಕಳ ತಾಯಿ (ಸಾಗರ):

ತಂಗಿ, ಗಾಬರಿಯಾಗಬೇಡ. ನಾನು ಇದೇ ಮಲೆನಾಡಿನ ಮಳೆಯಲ್ಲಿ ನಾಲ್ಕು ಬಾಣಂತನ ಕಂಡವಳು. ಮಗುವಿನ ಮೈ ಒಮ್ಮೆ ಬೆಚ್ಚಗಾಗುತ್ತದೆ, ಒಮ್ಮೆ ತಣ್ಣಗಾಗುತ್ತದೆ. ದೊಡ್ಡಪತ್ರೆ ಎಲೆಯನ್ನು ಕೆಂಡದ ಮೇಲೆ ಬಾಡಿಸಿ, ಅದರ ರಸಕ್ಕೆ ಒಂದು ಹನಿ ಜೇನು ಬೆರೆಸಿ ನಾಲಿಗೆಗೆ ಸವರಿದರೆ ಶೀತವಿದ್ದರೂ ಹೋಗುತ್ತದೆ. ಹಣೆಗೆ ಒದ್ದೆ ಬಟ್ಟೆ ಹಾಕು. ಮಳೆಯಲ್ಲಿ ಆಸ್ಪತ್ರೆಗೆ ಕರೆದೊಯ್ದು ಅಲ್ಲಿ ಹತ್ತು ರೋಗಿಗಳ ನಡುವೆ ಕೂರಿಸಿದರೆ ಇಲ್ಲದ ಕಾಯಿಲೆ ಅಂಟಿಕೊಂಡೀತು. ನಾಳೆ ಹೇಗೂ ಆಶಾ ಬರುತ್ತಾರಲ್ಲ, ಅವರನ್ನು ಕೇಳಿಕೊಂಡೇ ಮುಂದಿನದನ್ನು ನೋಡಬಹುದು.

ಮಕ್ಕಳ ವೈದ್ಯ (ಹಾಸನ ಜಿಲ್ಲೆ):

ಮೊದಲು ಉತ್ತರ, ಆಮೇಲೆ ಕಾರಣ. ಇಂದೇ, ಸಾಧ್ಯವಾದರೆ ಇದನ್ನು ಓದಿದ ತಕ್ಷಣವೇ ಹೊರಡಿ. ಆಶಾ ಕಾರ್ಯಕರ್ತೆಗಾಗಿ ನಾಳೆಯವರೆಗೆ ಕಾಯಬೇಡಿ. ಫೋನ್ ಮಾಡಿ ತಿಳಿಸಿದರೆ ಅವರೂ ಇದನ್ನೇ ಹೇಳುತ್ತಾರೆ. ಪ್ಯಾರಾಸಿಟಮಾಲ್ ಕೊಡಬೇಡಿ.

ನಿಮ್ಮ ಅಜ್ಜಿಯ ಊಹೆ ತೆಗೆದುಹಾಕುವಂಥದ್ದಲ್ಲ. ಎಳೆಗೂಸನ್ನು ಬಿಗಿಯಾಗಿ ಸುತ್ತಿ ಬೆಂಕಿಯ ಹತ್ತಿರ ಮಲಗಿಸಿದರೆ ಮೈಯ ತಾಪ ನಿಜಕ್ಕೂ ಏರುತ್ತದೆ. ಅದನ್ನು ಪರೀಕ್ಷಿಸುವ ಬಗೆ ಒಂದೇ: ಹೊದಿಕೆ ಸಡಿಲಿಸಿ, ಹದಿನೈದರಿಂದ ಮೂವತ್ತು ನಿಮಿಷ ಬಿಟ್ಟು ಮತ್ತೆ ಅಳೆಯುವುದು. ಯಾರೂ ಹೇಳಿಕೊಡದಿದ್ದರೂ ನೀವು ಅದನ್ನೇ ಮಾಡಿದ್ದೀರಿ, ಅರ್ಧ ಗಂಟೆಯ ಮೇಲೂ 100.6 ಇತ್ತು. ಅಲ್ಲಿಗೆ ಕೋಣೆಯ ಕಾವಿನ ಮಾತು ಮುಗಿಯಿತು. ಅಗ್ಗಿಷ್ಟಿಕೆಯ ಬಗ್ಗೆ ಪಕ್ಕದ ಮಾತೊಂದು: ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗಿದರೆ ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಾಯಿ ಮಗು ಇಬ್ಬರಿಗೂ ಅದು ಜೀವಾಪಾಯ. ಕೋಣೆ ಬೆಚ್ಚಗಾದ ಮೇಲೆ ಅದನ್ನು ಹೊರಗಿಡುವುದನ್ನು ರೂಢಿ ಮಾಡಿಕೊಳ್ಳಿ.

ಇನ್ನು ವಯಸ್ಸಿನ ವಿಚಾರ. ಎರಡು ವರ್ಷದ ಮಗುವಿಗೆ 102 ಜ್ವರವಿದ್ದು, ಅದು ಆಡುತ್ತ ನೀರು ಕೇಳುತ್ತಿದ್ದರೆ ನಾನೇ ಒಂದು ದಿನ ಮನೆಯಲ್ಲಿ ನೋಡಿ ಎಂದೇನು. ಎರಡು ತಿಂಗಳು ತುಂಬದ ಮಗುವಿನ ಲೆಕ್ಕ ಹಾಗಲ್ಲ. ನಮ್ಮ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಈ ವಯಸ್ಸಿನಲ್ಲಿ ಕಂಕುಳಿನ ತಾಪ 99.5 ಅಥವಾ ಅದಕ್ಕಿಂತ ಹೆಚ್ಚಾದರೂ, 95.9ಕ್ಕಿಂತ ಕಡಿಮೆಯಾದರೂ ಅದನ್ನು ಗಂಭೀರ ಸೋಂಕಿನ ಲಕ್ಷಣವೆಂದೇ ತಿಳಿದು ಆಸ್ಪತ್ರೆಗೆ ಕಳುಹಿಸಬೇಕು. ಕಡಿಮೆ ತಾಪವನ್ನೂ ಹೇಳಿದ್ದು ಏಕೆಂದರೆ, ಸೋಂಕು ತೀವ್ರವಾದಾಗ ಎಷ್ಟೋ ಎಳೆಗೂಸುಗಳ ಮೈ ಕಾಯುವ ಬದಲು ತಣ್ಣಗಾಗುತ್ತದೆ, ಮನೆಯವರು ಅದನ್ನು ಜ್ವರ ಬಿಟ್ಟಿತೆಂದು ತಿಳಿಯುತ್ತಾರೆ. ದೊಡ್ಡವರಲ್ಲಿ ಮೂತ್ರದ ಸೋಂಕು ಮೂತ್ರದಲ್ಲೇ ಉಳಿದು ಉರಿಯಾಗಿ ಕಾಣಿಸಿಕೊಳ್ಳುತ್ತದೆ. ಈ ವಯಸ್ಸಿನಲ್ಲಿ ಅದು ರಕ್ತಕ್ಕೆ, ರಕ್ತದಿಂದ ಮಿದುಳಿನ ಪೊರೆಗೆ ಹೋಗಲು ಹೆಚ್ಚು ಸಮಯ ಬೇಡ. ಮಿದುಳು ಪೊರೆಯ ಉರಿಯೂತವಾದರೂ ಮಗುವಿನ ಕತ್ತು ದೊಡ್ಡವರ ಹಾಗೆ ಸೆಡೆತುಕೊಳ್ಳದೇ ಇರಬಹುದು. ಹೊರಗೆ ಕಾಣುವುದು ಇಷ್ಟೇ: ಹಾಲು ಕಡಿಮೆಯಾಗುತ್ತದೆ, ನಿದ್ದೆ ಹೆಚ್ಚುತ್ತದೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು 100.8 ಎಂಬ ಅಂಕಿಗಿಂತ “ಐದು ನಿಮಿಷಕ್ಕೇ ನಿದ್ದೆ ಹೋಗುತ್ತಿದ್ದಾನೆ” ಎಂಬ ಮಾತು.

ಜ್ವರ ತಾನಾಗಿ ಇಳಿದಿರುವುದರಿಂದ ಏನೂ ತೀರ್ಮಾನವಾಗುವುದಿಲ್ಲ, ಸೋಂಕಿನ ಜ್ವರವೂ ಏರಿಳಿಯುತ್ತದೆ. ಔಷಧಿ ಬೇಡವೆಂದದ್ದೂ ಇದೇ ಕಾರಣಕ್ಕೆ. ಪ್ಯಾರಾಸಿಟಮಾಲ್ ತಾಪವನ್ನು ಇಳಿಸುತ್ತದೆಯೇ ಹೊರತು ಸೋಂಕನ್ನು ಮುಟ್ಟುವುದಿಲ್ಲ. ಕೊಟ್ಟರೆ ತಾಲ್ಲೂಕು ಆಸ್ಪತ್ರೆ ತಲುಪುವ ಹೊತ್ತಿಗೆ ಮಗು ತಣ್ಣಗಿದ್ದು, ಅಲ್ಲಿಯವರು ನಿಮ್ಮನ್ನು ಮನೆಗೆ ಕಳುಹಿಸಿಬಿಡಬಹುದು. ಮೂರು ತಿಂಗಳೊಳಗಿನ ಮಗುವಿಗೆ ವೈದ್ಯರು ನೋಡದೆ ಜ್ವರದ ಔಷಧಿ ಕೊಡಬಾರದು. ಈಗ ತಾಪ ಎಷ್ಟೇ ಇರಲಿ, “ರಾತ್ರಿ ಹನ್ನೊಂದಕ್ಕೆ 100.8, ಹನ್ನೊಂದೂವರೆಗೆ 100.6, ಔಷಧಿ ಕೊಟ್ಟಿಲ್ಲ” ಎಂದು ಬರೆದ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಸಾಗರದ ತಾಯಿಯವರ ಕಾಳಜಿ ಅರ್ಥವಾಗುತ್ತದೆ. ಆದರೆ ಒಂದು ವರ್ಷದೊಳಗಿನ ಮಗುವಿಗೆ ಜೇನನ್ನು ಒಂದು ಹನಿಯೂ ಕೊಡಬಾರದು. ಅದರಲ್ಲಿ ಇರಬಹುದಾದ ಬಾಟುಲಿಸಮ್ ಬೀಜಾಣುಗಳು ಎಳೆಯ ಕರುಳಿನಲ್ಲಿ ಬೆಳೆದು ಮಗುವಿನ ಸ್ನಾಯುಗಳನ್ನೇ ಸೋಲಿಸಬಲ್ಲವು. ದೊಡ್ಡಪತ್ರೆಯ ರಸವೂ ಈ ವಯಸ್ಸಿಗೆ ಬೇಡ. ಆರು ತಿಂಗಳವರೆಗೆ ಎದೆಹಾಲಿನ ಹೊರತು ನೀರೂ ಬೇಕಿಲ್ಲ.

ಬಾಟಲಿಯ ಚೀಟಿ ಓದುವವಳು (ಮೈಸೂರು):

ವೈದ್ಯರು ಹೇಳಿದ ಮೇಲೆ ನಾನು ಹೇಳುವುದೇನೂ ಉಳಿದಿಲ್ಲ. ಆದರೆ ಅಕ್ಕನ ಮಗಳಿಗೆ ತಂದಿದ್ದ ಬಾಟಲಿ ಎಂಬ ಮಾತು ಓದಿದ ಕೂಡಲೇ ನಮ್ಮ ಮನೆಯಲ್ಲಿ ಆದದ್ದು ನೆನಪಾಯಿತು. ಮುಂದೆ ನಿಮಗೂ ಬೇಕಾದೀತೆಂದು ಬರೆಯುತ್ತಿದ್ದೇನೆ.

ನನ್ನ ಮಗಳಿಗೆ ಎಂಟು ತಿಂಗಳಿದ್ದಾಗ, ತೂಕ 7 ಕಿಲೋ, ವೈದ್ಯರು ಜ್ವರಕ್ಕೆ 4 ಎಂಎಲ್ ಪ್ಯಾರಾಸಿಟಮಾಲ್ ಸಿರಪ್ ಬರೆದುಕೊಟ್ಟಿದ್ದರು. ಅದು 5 ಎಂಎಲ್‌ಗೆ 120 ಮಿಲಿಗ್ರಾಂ ಇರುವ ಸಿರಪ್. ಬಾಟಲಿ ಮುಗಿದಾಗ ನಮ್ಮ ಯಜಮಾನರು ಔಷಧಿ ಅಂಗಡಿಗೆ ಹೋಗಿ “ಮಗುವಿನ ಜ್ವರದ ಔಷಧಿ” ಎಂದು ಕೇಳಿದರು, ಅಂಗಡಿಯವರು ಡ್ರಾಪ್ಸ್ ಕೊಟ್ಟರು. ಹೆಸರು ಅದೇ, ಚೀಟಿಯ ಬಣ್ಣವೂ ಅದೇ. ನಮ್ಮ ಅತ್ತೆಯವರಿಗೆ 4 ಎಂಎಲ್ ಎಂಬುದು ಬಾಯಿಪಾಠವಾಗಿತ್ತು. ಡ್ರಾಪರ್‌ನಲ್ಲಿ 1 ಎಂಎಲ್‌ವರೆಗೆ ಮಾತ್ರ ಗೆರೆ ಇದ್ದುದರಿಂದ ಅದನ್ನು ನಾಲ್ಕು ಸಲ ತುಂಬಿ ತುಂಬಿ, ಬಹಳ ಎಚ್ಚರಿಕೆಯಿಂದ, ಒಂದು ಹನಿಯೂ ಚೆಲ್ಲದಂತೆ ಕುಡಿಸಿದರು. ಡ್ರಾಪ್ಸ್‌ನಲ್ಲಿ ಪ್ರತಿ ಎಂಎಲ್‌ಗೆ 100 ಮಿಲಿಗ್ರಾಂ ಔಷಧಿ ಇರುತ್ತದೆ. 96 ಮಿಲಿಗ್ರಾಂ ಹೋಗಬೇಕಾದ ಹೊಟ್ಟೆಗೆ 400 ಮಿಲಿಗ್ರಾಂ ಹೋಯಿತು. ಮುಂದಿನ ಸಲ ಕೊಡುವ ಮುನ್ನ ನಾನು ಚೀಟಿ ನೋಡಿದ್ದರಿಂದ ಅಷ್ಟಕ್ಕೇ ನಿಂತಿತು. ಆಸ್ಪತ್ರೆಯಲ್ಲಿ ಒಂದು ದಿನ ಇಟ್ಟುಕೊಂಡು ನೋಡಿ, ಯಕೃತ್ತಿಗೆ ತೊಂದರೆಯಾಗಿಲ್ಲವೆಂದು ಕಳುಹಿಸಿದರು. ಅತ್ತೆಯವರು ಮಾತ್ರ ಎರಡು ದಿನ ಊಟ ಮಾಡಲಿಲ್ಲ. ತಪ್ಪು ಅವರದಲ್ಲ, ಎಂಎಲ್ ಎಂಬ ಲೆಕ್ಕವನ್ನು ಬಾಟಲಿಯಿಂದ ಬೇರ್ಪಡಿಸಿ ನೆನಪಿಟ್ಟುಕೊಂಡ ನಮ್ಮೆಲ್ಲರದು.

5 ಎಂಎಲ್‌ಗೆ 250 ಮಿಲಿಗ್ರಾಂ ಇರುವ ಇನ್ನೊಂದು ಸಿರಪ್ಪೂ ಇದೆ. ಈಗ ನಾನು ಫ್ರಿಜ್ಜಿನ ಬಾಗಿಲಿಗೆ ಮಗಳ ತೂಕ, ವೈದ್ಯರು ಹೇಳಿದ ಮಿಲಿಗ್ರಾಂ ಮತ್ತು ಮನೆಯಲ್ಲಿರುವ ಬಾಟಲಿಯ ಪ್ರಕಾರ ಅದು ಎಷ್ಟು ಎಂಎಲ್ ಎಂಬುದನ್ನು ಬರೆದು ಅಂಟಿಸಿದ್ದೇನೆ. ಬಾಟಲಿ ಬದಲಾದರೆ ಚೀಟಿಯನ್ನೂ ಹರಿದು ಹೊಸದು ಬರೆಯುತ್ತೇನೆ.

ನಿವೃತ್ತ ಶುಶ್ರೂಷಕಿ (ಧಾರವಾಡ):

ಹೊರಡುವ ಮುನ್ನ ಒಂದು ನಿಮಿಷ ಕೊಟ್ಟು ಇದೊಂದನ್ನು ನೋಡಿಕೊಳ್ಳಿ. ಮಗು ಅಳದೆ ಸುಮ್ಮನಿರುವಾಗ ಅಂಗಿ ಮೇಲೆತ್ತಿ, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರನ್ನು ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ಎಳೆಗೂಸಿನ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ. ಎರಡು ತಿಂಗಳೊಳಗೆ ನಿಮಿಷಕ್ಕೆ 60 ಅಥವಾ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ, ಆಗಲೂ ಅಷ್ಟೇ ಇದ್ದರೆ ಅದು ಏದುಸಿರು. ಉಸಿರೆಳೆದಾಗ ಎದೆಯ ಕೆಳಭಾಗ ಗುಳಿಬೀಳುವುದು, ಮುಲುಗುವುದು, ತುಟಿ ನೀಲಿಗಟ್ಟುವುದು, ಮಗು ಅಳದಿರುವಾಗಲೂ ನೆತ್ತಿ ಉಬ್ಬಿರುವುದು, ಎಬ್ಬಿಸಿದರೂ ಏಳದಿರುವುದು, ಇವುಗಳಲ್ಲಿ ಒಂದು ಕಂಡರೂ ಆಟೋ ಹುಡುಕುತ್ತ ಕೂರದೆ 108ಕ್ಕೆ ಕರೆ ಮಾಡಿ. ಹೋಗುವಾಗ ತಾಯಿ ಕಾರ್ಡ್ ಮರೆಯಬೇಡಿ. ಒಂದು ವರ್ಷದೊಳಗಿನ ಮಗುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಚಿಕಿತ್ಸೆ, ಔಷಧಿ, ರಕ್ತಪರೀಕ್ಷೆ ಮತ್ತು ದೊಡ್ಡ ಆಸ್ಪತ್ರೆಗೆ ಸಾಗಿಸುವ ವಾಹನ ಎಲ್ಲವೂ ಉಚಿತ. ಹಣ ಕೂಡಿಸಿಕೊಳ್ಳಲೆಂದು ತಡಮಾಡುವ ಅಗತ್ಯವಿಲ್ಲ.

ಮಳೆಯಲ್ಲಿ ಮಗುವನ್ನು ನಿಮ್ಮ ಎದೆಗೆ ಮೈಗೆ ಮೈ ತಾಗುವಂತೆ ಅವುಚಿಕೊಂಡು ಮೇಲೆ ಸೀರೆಯ ಸೆರಗು, ಶಾಲು ಹೊದ್ದುಕೊಳ್ಳಿ. ಹತ್ತು ಹೊದಿಕೆಗಿಂತ ಅದು ಮೇಲು, ದಾರಿಯಲ್ಲಿ ಹಾಲು ಕುಡಿಸುವುದಕ್ಕೂ ಅನುಕೂಲ. ಹಣೆಗೆ ತಣ್ಣೀರ ಬಟ್ಟೆ ಹಾಕಬೇಡಿ, ಇಷ್ಟು ಸಣ್ಣ ಮಗು ಅದರಿಂದ ನಡುಗುತ್ತದೆ.

ನಮ್ಮ ಕಡೆ ಇನ್ನೊಂದು ರೂಢಿಯಿದೆ. ಮಗು ಹಾಲು ಬಿಟ್ಟು ಮಂಕಾದರೆ ಬಾಲಗ್ರಹವೆಂದು ಹೊಟ್ಟೆಗೆ ಬರೆ ಹಾಕಿಸುತ್ತಾರೆ. ನನ್ನ ಸೇವಾವಧಿಯಲ್ಲಿ ಬಳೆಚೂರು ಕಾಯಿಸಿ ಒತ್ತಿದ ಗಾಯದೊಂದಿಗೆ ಬಂದ ಮಕ್ಕಳನ್ನು ನಾನೇ ತೊಳೆದು ಪಟ್ಟಿ ಕಟ್ಟಿದ್ದೇನೆ. ಒಳಗಿನ ಸೋಂಕು ಹಾಗೆಯೇ ಉಳಿದು, ಚರ್ಮದ ಮೇಲೆ ಸೋಂಕಿಗೆ ಹೊಸ ಬಾಗಿಲು ತೆರೆದಂತಾಗಿರುತ್ತಿತ್ತು. ನಿಮ್ಮ ಅಜ್ಜಿ ದೃಷ್ಟಿ ತೆಗೆದಿದ್ದಾರೆ, ಅದರಿಂದ ಮಗುವಿಗೆ ನೋವಿಲ್ಲ, ಇರಲಿ ಬಿಡಿ.

ಮಳೆಗಾಲದ ಬಾಣಂತಿ:

ಉಸಿರು 52 ಇದೆ. ಚೀಟಿ ಬರೆದುಕೊಂಡಿದ್ದೇನೆ. ಅಪ್ಪ ಪಕ್ಕದ ಮನೆಯವರ ಜೀಪು ಕೇಳಿದ್ದಾರೆ, ಈಗಲೇ ಹೊರಡುತ್ತಿದ್ದೇವೆ. ಅಮ್ಮನಿಗೆ ಡಾಕ್ಟರು ಬರೆದದ್ದನ್ನು ಓದಿ ಹೇಳಿದೆ.

ಒಂಬತ್ತು ತಿಂಗಳ ಮಗುವಿನ ತಂದೆ (ದಾವಣಗೆರೆ):

ಈ ಚರ್ಚೆ ಓದಿ ಒಂದು ಸಂದೇಹ. ಕಳೆದ ತಿಂಗಳು ನನ್ನ ಮಗನಿಗೆ 103 ಜ್ವರವಿದ್ದಾಗ ಒಮ್ಮೆಗೇ ಕಣ್ಣು ಮೇಲೆ ಮಾಡಿ, ಕೈಕಾಲು ಸೆಟೆದು ಅದುರತೊಡಗಿದ. ಎರಡು ನಿಮಿಷದೊಳಗೆ ನಿಂತಿತು. ಅಷ್ಟರಲ್ಲಿ ಮನೆಯವರು ಕೈಗೆ ಬೀಗದ ಕೈ ಕೊಟ್ಟು, ಮೂಗಿಗೆ ಈರುಳ್ಳಿ ಹಿಡಿದು, ನಾಲಿಗೆ ಕಚ್ಚಿಕೊಳ್ಳದಿರಲೆಂದು ಬಾಯಿಗೆ ಚಮಚ ಇಡಲು ಹೋದರು. ಆಸ್ಪತ್ರೆಯಲ್ಲಿ ಇದು ಜ್ವರದ ಫಿಟ್ಸ್, ಭಯಪಡಬೇಡಿ ಎಂದರು. ಇನ್ನೊಮ್ಮೆ ಬಂದರೆ ಏನು ಮಾಡಬೇಕು?

ಮಕ್ಕಳ ವೈದ್ಯ (ಹಾಸನ ಜಿಲ್ಲೆ):

ಚಮಚ, ಬೀಗದ ಕೈ, ಈರುಳ್ಳಿ ಮೂರೂ ಬೇಡ. ಚಮಚವಂತೂ ಹಲ್ಲು ಮುರಿಯುತ್ತದೆ, ಇಲ್ಲವೇ ಉಸಿರುದಾರಿಗೆ ಅಡ್ಡಬರುತ್ತದೆ. ಮಗುವನ್ನು ನೆಲದ ಮೇಲೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಜೊಲ್ಲು ಹೊರಗೆ ಹರಿಯಲಿ, ಕುತ್ತಿಗೆಯ ಗುಂಡಿ ಸಡಿಲಿಸಿ, ಗಡಿಯಾರ ನೋಡಿ. ಅದುರುವುದನ್ನು ಬಲವಾಗಿ ಹಿಡಿದು ನಿಲ್ಲಿಸಲು ಹೋಗಬೇಡಿ. ಪೂರ್ತಿ ಎಚ್ಚರವಾಗುವವರೆಗೆ ನೀರು, ಔಷಧಿ ಯಾವುದನ್ನೂ ಬಾಯಿಗೆ ಹಾಕಬೇಡಿ. ಐದು ನಿಮಿಷ ದಾಟಿದರೆ, ಒಂದೇ ದಿನದಲ್ಲಿ ಎರಡನೆಯ ಸಲ ಬಂದರೆ, ಅಥವಾ ನಿಂತ ಮೇಲೂ ಮಗು ಮಂಪರಿನಿಂದ ಹೊರಬರದಿದ್ದರೆ 108. ಆರು ತಿಂಗಳಿಂದ ಐದು ವರ್ಷದ ನಡುವಿನ ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಇದು ಬರುತ್ತದೆ, ಸಾಮಾನ್ಯವಾಗಿ ಮಿದುಳಿಗೆ ಹಾನಿ ಮಾಡುವುದಿಲ್ಲ. ಪ್ಯಾರಾಸಿಟಮಾಲ್ ತಪ್ಪದೆ ಕೊಟ್ಟರೆ ಫಿಟ್ಸ್ ತಪ್ಪುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ, ಆದ್ದರಿಂದ ಕೊಡುವುದು ತಡವಾಯಿತೆಂದು ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಆರು ತಿಂಗಳೊಳಗೆ ಫಿಟ್ಸ್ ಬಂದರೆ ಮಾತ್ರ ಅದನ್ನು ಜ್ವರದ ಫಿಟ್ಸ್ ಎಂದು ಸಮಾಧಾನ ಪಟ್ಟುಕೊಳ್ಳುವ ಹಾಗಿಲ್ಲ.

ಮಳೆಗಾಲದ ಬಾಣಂತಿ (ಆರು ದಿನಗಳ ನಂತರ):

ಶಿವಮೊಗ್ಗದ ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ. ಮಗ ಈಗ ಮೊದಲಿನಂತೆ ಇಪ್ಪತ್ತು ನಿಮಿಷ ಕುಡಿಯುತ್ತಿದ್ದಾನೆ.

ಅಂದು ತಾಲ್ಲೂಕು ಆಸ್ಪತ್ರೆ ತಲುಪಿದಾಗ ತಾಪ 98.8 ಇತ್ತು. ಅಲ್ಲಿದ್ದ ಯುವ ವೈದ್ಯರು ಮೊದಲು, “ಈಗ ಜ್ವರವಿಲ್ಲವಲ್ಲಾ” ಎಂದರು. ಚೀಟಿ ಕೊಟ್ಟೆ. ಓದಿ, ವಯಸ್ಸು ಮತ್ತೆ ಕೇಳಿ, ಶಿವಮೊಗ್ಗಕ್ಕೆ ಬರೆದುಕೊಟ್ಟು ಆಂಬುಲೆನ್ಸ್‌ನಲ್ಲಿ ಕಳುಹಿಸಿದರು. ದಾರಿಯಲ್ಲೇ ತಾಪ ಮತ್ತೆ 101 ದಾಟಿತು. ಅಲ್ಲಿ ರಕ್ತ ತೆಗೆದರು. ಮೂತ್ರವನ್ನು ಸಣ್ಣ ನಳಿಕೆ ಹಾಕಿ ತೆಗೆದಾಗ ನನಗೆ ನೋಡಲಾಗಲಿಲ್ಲ. ಡಬ್ಬಿಯಲ್ಲಿ ಹಿಡಿದರೆ ಚರ್ಮದ ಮೇಲಿನ ರೋಗಾಣುಗಳು ಬೆರೆತು ಫಲಿತಾಂಶ ಕೆಡುತ್ತದೆ ಎಂದು ಸಿಸ್ಟರ್ ವಿವರಿಸಿದರು. ಬೆನ್ನಿನಿಂದ ನೀರು ತೆಗೆಯಬೇಕೆಂದಾಗ ಅಮ್ಮ ಬೇಡವೇ ಬೇಡ ಎಂದು ಅತ್ತರು, ಮಗು ಮುಂದೆ ನಡೆಯುವುದಿಲ್ಲವೆಂಬ ಭಯ ಅವರಿಗೆ. ಸೂಜಿ ಹಾಕುವ ಜಾಗ ಬೆನ್ನುಹುರಿ ಮುಗಿದ ಮೇಲೆ ಕೆಳಗಿದೆ ಎಂದು ವೈದ್ಯರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ ನಂತರ ಒಪ್ಪಿದರು. ಅದರಲ್ಲಿ ಏನೂ ಬರಲಿಲ್ಲ. ಮೂತ್ರದಲ್ಲಿ ಸೋಂಕು ಬಂತು. ಮೊದಲ ತಿಂಗಳುಗಳಲ್ಲಿ ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಇದು ಹೆಚ್ಚು ಎಂದು ನನಗೆ ಗೊತ್ತೇ ಇರಲಿಲ್ಲ. ಅಂದಿನಿಂದ ನರದ ಮೂಲಕ ಆಂಟಿಬಯಾಟಿಕ್ ಕೊಡುತ್ತಿದ್ದಾರೆ. ಮೂರನೆಯ ದಿನದಿಂದ ಜ್ವರವಿಲ್ಲ. ಮೂತ್ರಪಿಂಡದ ಸ್ಕ್ಯಾನ್ ಸರಿಯಾಗಿದೆ.

ಗುರುವಾರದ ಚುಚ್ಚುಮದ್ದು ತಪ್ಪಿತು. ಮನೆಗೆ ಹೋದ ಮೇಲೆ ಮುಂದಿನ ಲಸಿಕೆಯ ದಿನ ಹಾಕಿಸಿ ಎಂದಿದ್ದಾರೆ. ಈಗ ನನ್ನ ಭಯವೇ ಬೇರೆ. ಲಸಿಕೆಯಿಂದಲೂ ಜ್ವರ ಬರುತ್ತದಂತೆ. ಆ ಜ್ವರ ಯಾವುದು, ಈ ಜ್ವರ ಯಾವುದು ಎಂದು ತಿಳಿಯುವುದು ಹೇಗೆ?

ನಾಲ್ಕು ಮಕ್ಕಳ ತಾಯಿ (ಸಾಗರ):

ಮಗು ಹುಷಾರಾದದ್ದು ಓದಿ ಸಮಾಧಾನವಾಯಿತು ತಂಗಿ. ಜೇನಿನ ವಿಚಾರ ನನಗೆ ತಿಳಿದಿರಲಿಲ್ಲ. ಸೊಸೆಗೂ ಹೇಳಿದೆ.

ಮಕ್ಕಳ ವೈದ್ಯ (ಹಾಸನ ಜಿಲ್ಲೆ):

ಬಹಳ ಸಂತೋಷ. ಆ ಚೀಟಿಯನ್ನು ಓದಿ ಮನಸ್ಸು ಬದಲಿಸಿದ ಯುವ ವೈದ್ಯರಿಗೂ ನನ್ನ ನಮಸ್ಕಾರ ಸಲ್ಲುತ್ತದೆ.

ಆರು ವಾರಕ್ಕೆ ಹಾಕುವ ಪೆಂಟಾವೇಲೆಂಟ್ (ಐದು ರೋಗಗಳ ವಿರುದ್ಧದ) ಲಸಿಕೆ ಹಾಕಿಸಿದ ದಿನವೇ ಅಥವಾ ಮರುದಿನ ಜ್ವರ ಬರುವುದು ಸಾಮಾನ್ಯ. ಅದರಲ್ಲಿರುವ ನಾಯಿಕೆಮ್ಮಿನ ಅಂಶವೇ ಹೆಚ್ಚಾಗಿ ಅದಕ್ಕೆ ಕಾರಣ. ತೊಡೆಯ ಚುಚ್ಚಿದ ಜಾಗ ಕೆಂಪಾಗಿ ಗಟ್ಟಿಯಾಗಬಹುದು, ಅದನ್ನು ತಿಕ್ಕಬೇಡಿ, ಶಾಖ ಕೊಡಬೇಡಿ. ಲಸಿಕೆ ಹಾಕುವ ಸಿಸ್ಟರ್ ಪ್ಯಾರಾಸಿಟಮಾಲ್ ಕೊಟ್ಟರೆ ಅವರು ಹೇಳಿದಷ್ಟನ್ನೇ ಕೊಡಿ, ಅಕ್ಕನ ಮಗಳ ಬಾಟಲಿ ಬೇಡ. ಆ ಜ್ವರ 48 ಗಂಟೆ ಮೀರಿದರೆ, ಲಸಿಕೆ ಹಾಕಿಸುವ ಮೊದಲೇ ಶುರುವಾಗಿದ್ದರೆ, ಅಥವಾ ಮಗು ಮೊನ್ನೆಯಂತೆ ಹಾಲಿನ ನಡುವೆ ನಿದ್ದೆಗೆ ಜಾರತೊಡಗಿದರೆ ಅದನ್ನು ಲಸಿಕೆಯ ಲೆಕ್ಕಕ್ಕೆ ಬರೆಯದೆ ವೈದ್ಯರಿಗೆ ತೋರಿಸಿ.

ನಿಮ್ಮ ಮಗನಿಗೆ ಮಾತ್ರ ಅನ್ವಯಿಸುವ ಇನ್ನೊಂದು ವಿಷಯವಿದೆ. ಒಮ್ಮೆ ಮೂತ್ರದ ಸೋಂಕಾದ ಮಗುವಿಗೆ ಅದು ಮರುಕಳಿಸುವ ಸಾಧ್ಯತೆ ಇರುತ್ತದೆ. ಮುಂದೆ ನೆಗಡಿ, ಕೆಮ್ಮು ಇಲ್ಲದೆ ಬರಿಯ ಜ್ವರ ಬಂದಾಗಲೆಲ್ಲ ವೈದ್ಯರಿಗೆ ಈ ಸಂಗತಿಯನ್ನು ಮೊದಲು ಹೇಳಿ, ಆಂಟಿಬಯಾಟಿಕ್‌ನ ಮೊದಲ ಹನಿ ಬಾಯಿಗೆ ಬೀಳುವ ಮುನ್ನವೇ ಮೂತ್ರಪರೀಕ್ಷೆ ಮಾಡಿಸಿ. ಬಿಡುಗಡೆಯ ಚೀಟಿಯನ್ನು ತಾಯಿ ಕಾರ್ಡ್‌ನೊಳಗೇ ಇಟ್ಟುಕೊಳ್ಳಿ. ಮೂತ್ರದ ಕಲ್ಚರ್ (ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ವರದಿಯ ಪ್ರತಿ ಅದರ ಜೊತೆಗಿಲ್ಲದಿದ್ದರೆ ಆಸ್ಪತ್ರೆ ಬಿಡುವ ಮೊದಲೇ ಕೇಳಿ ಪಡೆಯಿರಿ.